ಮಾತ್ರೆ, ಮೊಸರು ಮತ್ತು ಪಾರ್ಕಿನ ಗೇಟು

ಅಣ್ಣ ಆ ದಿನ ಪಾರ್ಕಿನ ಗೇಟು ದಾಟಿದಾಗ ನಾನು ಅವನ ಪಕ್ಕದಲ್ಲಿದ್ದೆನೋ ಇಲ್ಲವೋ, ನನಗೆ ಖಚಿತವಿಲ್ಲ. ಇದ್ದೆ ಎಂದೇ ನನ್ನ ನೆನಪು ಹೇಳುತ್ತದೆ. ಅವನ ಎಡಗೈ ನನ್ನ ಬಲಗೈಯಲ್ಲಿತ್ತು, ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಎರಡು ಕಂಬಗಳ ನಡುವೆ ಒಟ್ಟಿಗೆ ಒಳಗೆ ಹೋದೆವು, ಎದುರಿನ ಹೊಂಗೆ ಮರದ ಕೆಳಗಿಂದ ಯಾರೋ ಚಪ್ಪಾಳೆ ತಟ್ಟಿದರು. ಚಿತ್ರ ಇಷ್ಟು ಚೆನ್ನಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಅಣ್ಣನ ಪ್ರಕಾರ ನಾನು ರಸ್ತೆಯ ಈಚೆ ಎಳನೀರಿನ ಗಾಡಿಯ ಹತ್ತಿರ ನಿಂತು ಫೋನು ನೋಡುತ್ತಿದ್ದೆ. ಅತ್ತಿಗೆಯ ಪ್ರಕಾರ ನಾನು ಆ ದಿನ ಅವರ ಮನೆಯಿರುವ ವಿಜಯನಗರಕ್ಕೆ ಬಂದೇ ಇರಲಿಲ್ಲ.

ಇನ್ನೊಂದು ವಿಷಯವೂ ಖಚಿತವಿಲ್ಲ. ಬೆಳಗಿನ ಮಾತ್ರೆಯ ಜೊತೆಗೇ ಮೊಸರು ಕೊಡಿ ಎಂದು ಹೇಳಿದ್ದು ಯಾರು? ಅತ್ತಿಗೆ ಅಂತ ನಾನು, ನಾನು ಅಂತ ಅತ್ತಿಗೆ. ಇದನ್ನು ಬರೆಯಲು ಕೂತಿರುವುದೇ ಈ ಎರಡರಲ್ಲಿ ಒಂದಾದರೂ ತೀರ್ಮಾನವಾಗಲಿ ಎಂದು.

ನಾನು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವನು. ಆ ಓದಿನಿಂದ ಸಿಕ್ಕ ಕೆಲಸ ಹೆಚ್ಚು ದಿನ ಎಲ್ಲೂ ನಿಲ್ಲಲಿಲ್ಲ. ಎರಡು ವರ್ಷ ಒಂದು ಉಪ್ಪಿನಕಾಯಿ ಕಾರ್ಖಾನೆಯ ಪರೀಕ್ಷಾ ಕೊಠಡಿ, ಮೂರು ವರ್ಷ ಔಷಧಿ ಮಾರಾಟ, ಆಮೇಲೆ ಪಠ್ಯಪುಸ್ತಕಗಳ ಕರಡು ತಿದ್ದುವುದು, ಈಗ ಒಂದು ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ಪಾಠ. ಓದಿನಿಂದ ಉಳಿದದ್ದು ಒಂದೇ, ಯಾರು ಏನು ಹೇಳಿದರೂ ‘ಅದಕ್ಕೆ ಆಧಾರ ಏನು?’ ಎಂದು ಕೇಳುವ ಚಟ. ಮದುವೆ ಮನೆಗಳಲ್ಲಿ ನನ್ನ ಪಕ್ಕ ಊಟಕ್ಕೆ ಕೂರಲು ಜನ ಹಿಂಜರಿಯುತ್ತಾರೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎಂದು ಯಾರಾದರೂ ಪಾಯಸ ಹಾಕಿಸಿಕೊಂಡರೆ ಅವರ ಪಾಯಸ ಆರುವವರೆಗೆ ಮಾತಾಡಬಲ್ಲೆ.

ಅಣ್ಣ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಹತ್ತನೇ ತರಗತಿ ಮುಗಿಸಿ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತವನು ನಿವೃತ್ತಿಯವರೆಗೂ ಅಲ್ಲೇ ನಿಂತ. ನಾನು ಓದಿದ್ದು ಅವನು ನಿಂತಿದ್ದರಿಂದ. ಬೀದಿಯಲ್ಲಿ ಬಿದ್ದ ಬೋಲ್ಟ್ ನೋಡಿದರೆ ಅದರ ಅಳತೆ ಹೇಳುತ್ತಿದ್ದ. ನಾನು ಎತ್ತಿಕೊಂಡು ಮನೆಗೆ ತಂದು ಸ್ಕೇಲು ಇಟ್ಟು ನೋಡುತ್ತಿದ್ದೆ. ಅವನು ತಪ್ಪಿದ್ದು ನೆನಪಿಲ್ಲ. ಆದರೆ ನನ್ನ ನೆನಪಿನ ಬಗ್ಗೆ ಆಗಲೇ ಹೇಳಿದ್ದೇನೆ.

ನಾಲ್ಕು ವರ್ಷದ ಹಿಂದೆ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಬಲಗೈ ಸುಮ್ಮನಿದ್ದಾಗ ನಡುಗುತ್ತದೆ, ಹೆಜ್ಜೆ ಚಿಕ್ಕದಾಗಿದೆ, ದನಿ ಇಳಿದಿದೆ. ಇದಕ್ಕೂ ಹದಿನೈದು ವರ್ಷ ಮೊದಲೇ ಅವನಿಗೆ ಮಲಬದ್ಧತೆ ಶುರುವಾಗಿತ್ತು. ಆಗ ನಾವೆಲ್ಲ ಒಂದೇ ಮನೆಯಲ್ಲಿದ್ದೆವು, ಅದು ಮನೆಯ ಖಾಯಂ ತಮಾಷೆ. ಇದ್ದದ್ದೊಂದೇ ಬಚ್ಚಲು, ಅಣ್ಣ ಪೇಪರ್ ಹಿಡಿದು ಒಳಗೆ ಹೋದರೆ ಕ್ರೀಡಾಪುಟ ಮುಗಿಯದೆ ಬರುತ್ತಿರಲಿಲ್ಲ. ನಾನು ಹೊರಗೆ ನಿಂತು, ಏನಣ್ಣ ಒಳಗೆ ಓವರ್‌ಟೈಮಾ ಎಂದು ಕೂಗುತ್ತಿದ್ದೆ. ಈ ಕಾಯಿಲೆ ಕೆಲವರಲ್ಲಿ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲು ಕರುಳಿನಲ್ಲಿ ಸುಳಿವು ಕೊಡುತ್ತದೆ ಎಂದು ಓದಿದ್ದು ತೀರಾ ಈಚೆಗೆ. ಓದಿದ ದಿನ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕೊನೆಗೂ ನನ್ನ ಓದಿಗೆ ಸಂಬಂಧಪಟ್ಟ ಕಾಯಿಲೆಯೊಂದು ಮನೆಗೆ ಬಂತಲ್ಲ ಎಂಬ ಉತ್ಸಾಹವಾಯಿತು. ನಾಚಿಕೆ ಆಮೇಲೆ ಬಂತು, ಸಾಲದ್ದಕ್ಕೆ ಬಡ್ಡಿ ಸಮೇತ.

ಅಣ್ಣನ ಇಡೀ ದಿನ ಬೆಳಗಿನ ಒಂದು ಗಂಟೆ ಹೊತ್ತಿನ ಮೇಲೆ ನಿಂತಿತ್ತು. ಆರಕ್ಕೆ ಮಾತ್ರೆ. ಜೊತೆಗೆ ಅತ್ತಿಗೆ ಎರಡು ರಸ್ಕು, ಡಿಕಾಕ್ಷನ್ನೇ ಹೆಚ್ಚಿರುವ ಅರ್ಧ ಲೋಟ ಕಾಫಿ ಕೊಡುತ್ತಿದ್ದರು. ಬರೀ ಹೊಟ್ಟೆಗೆ ಮಾತ್ರೆ ನುಂಗಬಾರದು ಎನ್ನುವುದು ನಮ್ಮ ಮನೆಯ ಕಾನೂನು. ಯಾರು ಮಾಡಿದ್ದೋ ಗೊತ್ತಿಲ್ಲ, ಮೀರಿದವರಿಲ್ಲ. ಆರೂಮುಕ್ಕಾಲಿಗೆ ಕಾಲು ಮಾತು ಕೇಳಲು ಶುರು ಮಾಡುತ್ತಿತ್ತು. ಏಳಕ್ಕೆ ಎರಡು ರಸ್ತೆ ಆಚೆಯ ಪಾರ್ಕು. ಅಲ್ಲಿ ಐದಾರು ಜನ ನಿವೃತ್ತರ ಗುಂಪು, ಫ್ಲಾಸ್ಕಿನಲ್ಲಿ ಟೀ, ಎಂಟರವರೆಗೆ ಹರಟೆ. ಎಂಟಕ್ಕೆ ಗುಂಪು ಚದುರುತ್ತದೆ. ಆ ಒಂದು ಗಂಟೆ ಸಿಕ್ಕರೆ ಅವನು ಉಳಿದ ದಿನವನ್ನು ಹೇಗೋ ತಳ್ಳಬಲ್ಲ. ಅದನ್ನು ಯಾರ ಸಹಾಯವೂ ಇಲ್ಲದೆ, ತನ್ನ ಕಾಲ ಮೇಲೆ ಹೋಗಿ ಪಡೆಯಬೇಕು, ಅಷ್ಟೇ ಅವನ ಆಸೆ.

ಅಡ್ಡ ಇದ್ದದ್ದು ಗೇಟು. ಬೈಕುಗಳು ನುಗ್ಗದಿರಲಿ ಎಂದು ಪಾರ್ಕಿನ ಬಾಗಿಲಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟಿದ್ದಾರೆ, ಅವುಗಳ ನಡುವೆ ನುಸುಳಬೇಕು. ಈ ಕಾಯಿಲೆಯವರಿಗೆ ಇಕ್ಕಟ್ಟಾದ ಜಾಗ ಕಂಡರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಮಾತ್ರೆ ಕೆಲಸ ಮಾಡುತ್ತಿದ್ದಾಗ ಅಣ್ಣ ಒಂದು ಕ್ಷಣ ತಡೆದು ದಾಟಿಬಿಡುತ್ತಿದ್ದ. ಪಕ್ಕದಲ್ಲಿ ದೊಡ್ಡ ಗೇಟಿದೆ, ಕಸದ ಟ್ರಾಕ್ಟರಿಗೆ ಮಾತ್ರ ತೆಗೆಯುತ್ತಾರೆ. ವಾಚ್‌ಮನ್ ಒಂದು ಸಲ ಅಣ್ಣನಿಗಾಗಿ ಅದನ್ನೇ ತೆಗೆಯಲು ಹೋದರಂತೆ. ನಾನೇನು ಕಸದ ಗಾಡಿನಾ ಎಂದು ಕೇಳಿ ಅಣ್ಣ ಬೇಡವೆಂದನಂತೆ.

ಇಲ್ಲಿಗೆ ನನ್ನ ಪ್ರವೇಶ. ನಾನಿರುವುದು ಕೆಂಗೇರಿ ಉಪನಗರದಲ್ಲಿ. ಅದುವರೆಗೆ ಅಣ್ಣನ ಮನೆಗೆ ಹಬ್ಬಕ್ಕೊಮ್ಮೆ ಬರುತ್ತಿದ್ದವನು. ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಓದಿದ ಮೇಲೆ ದಿನ ಬಿಟ್ಟು ದಿನ ಮೆಟ್ರೊ ಹತ್ತತೊಡಗಿದೆ. ಓದಿದ್ದು ನಿಜಕ್ಕೂ ರೋಚಕವಾಗಿತ್ತು. ಈ ಕಾಯಿಲೆಯವರ ಕರುಳಿನ ಜೀವಿಗಳ ಸಂಸಾರ ಇತರರದ್ದಕ್ಕಿಂತ ಬೇರೆ ಇರುತ್ತದಂತೆ. ನಾರನ್ನು ಹುದುಗಿಸಿ ಕರುಳಿಗೆ ಒಳ್ಳೆಯದು ಮಾಡುವ ಕೆಲವು ಜಾತಿ ಕಡಿಮೆಯಾಗಿರುತ್ತವೆ. ಇನ್ನು ಕೆಲವು, ನುಂಗಿದ ಮಾತ್ರೆ ರಕ್ತ ಸೇರುವ ಮೊದಲೇ ಅದನ್ನು ಒಡೆದು ಹಾಕಬಲ್ಲವು. ಕಾಯಿಲೆಯಿಂದ ಕರುಳು ಕೆಟ್ಟಿತೋ ಕರುಳಿನಿಂದ ಕಾಯಿಲೆ ಬಂತೋ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದೂ ಅಲ್ಲೇ ಬರೆದಿತ್ತು. ಬೇರೆ ಯಾರಾದರೂ ಇದನ್ನು ತಂದು ತೋರಿಸಿದ್ದರೆ ನಾನು ಆ ಕೊನೆಯ ವಾಕ್ಯಕ್ಕೆ ಮೂರು ಗೆರೆ ಎಳೆಯುತ್ತಿದ್ದೆ. ನಾನೇ ಹುಡುಕಿದ್ದಾದ್ದರಿಂದ ಅದನ್ನು ದಾಟಿ ಮುಂದೆ ಹೋದೆ.

ಒಳ್ಳೆಯ ಜೀವಿಗಳನ್ನು ತುಂಬಬೇಕು ಎಂದು ನಿರ್ಧರಿಸಿ ಮನೆಯಲ್ಲೇ ಮೊಸರಿನ ಪ್ರಯೋಗ ಶುರು ಮಾಡಿದೆ. ನಾಲ್ಕು ಕಡೆಯ ಹೆಪ್ಪು ತಂದು, ಹುಳಿ ನೋಡಿ, ಗಟ್ಟಿತನ ನೋಡಿ, ಒಂದನ್ನು ಆರಿಸಿ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿ ವಿಜಯನಗರಕ್ಕೆ ಹೊರುತ್ತಿದ್ದೆ. ಮೆಟ್ರೊ ತಪಾಸಣೆಯಲ್ಲಿ ಡಬ್ಬಿಯಲ್ಲಿ ಏನು ಸಾರ್ ಎಂದು ಕೇಳಿದರೆ ಮೊಸರು ಎಂದು ಹೇಳಿ ಮುಗಿಸುವ ಬದಲು ಹುದುಗುವಿಕೆಯ ಬಗ್ಗೆ ಎರಡು ಮಾತು ಸೇರಿಸುತ್ತಿದ್ದೆ. ಮೂರನೇ ವಾರದಿಂದ ಆ ಕಾವಲುಗಾರ್ತಿ ನನ್ನನ್ನು ಕಂಡ ಕೂಡಲೇ ಹೋಗಿ ಹೋಗಿ ಎಂದು ಕೈ ಬೀಸುತ್ತಿದ್ದರು. ಜೊತೆಗೆ ಒಂದು ಬಟ್ಟಲು ಮೊಳಕೆ ಬರಿಸಿದ ಹೆಸರುಕಾಳು, ನಾರಿಗಾಗಿ.

ಅತ್ತಿಗೆ ಇದಕ್ಕೆ ಒಪ್ಪುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಮೂವತ್ತು ವರ್ಷದಿಂದ ನಾವಿಬ್ಬರೂ ಯಾವುದಕ್ಕೂ ಒಪ್ಪಿದವರಲ್ಲ. ಅವರಿಗೆ ಪ್ರಪಂಚದ ಎಲ್ಲ ಆಹಾರವೂ ಒಂದೋ ಉಷ್ಣ ಇಲ್ಲವೇ ತಂಪು. ಪಪ್ಪಾಯಿ ಉಷ್ಣ, ಸೌತೆಕಾಯಿ ತಂಪು. ಉಷ್ಣ ಎಂದರೆ ಎಷ್ಟು ಡಿಗ್ರಿ ಎಂದು ಕೇಳಿ ನಾನು ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಆದರೆ ಮೊಸರಿನ ಡಬ್ಬಿ ನೋಡಿ ಅವರ ಮುಖ ಅರಳಿತು. ಅಷ್ಟು ಮಾತ್ರೆ ನುಂಗಿ ಇವರ ಮೈ ಕಾದುಹೋಗಿದೆ, ಉಷ್ಣಕ್ಕೇ ಹೊಟ್ಟೆ ಕಟ್ಟಿದೆ, ಮೊಸರು ಬಿದ್ದರೆ ತಂಪಾಗುತ್ತದೆ ಎಂದರು. ನಾನು ಬ್ಯಾಕ್ಟೀರಿಯಾ ಎಂದೆ, ಅವರು ತಂಪು ಎಂದರು, ಇಬ್ಬರೂ ಡಬ್ಬಿಯ ಮೇಲೆ ಕೈಯಿಟ್ಟು ಒಪ್ಪಿಕೊಂಡೆವು. ಜೀವನದಲ್ಲಿ ಮೊದಲ ಸಲ ನಮ್ಮಿಬ್ಬರ ಮತ ಒಂದಾಯಿತು, ಇಬ್ಬರೂ ತಪ್ಪಾಗಿದ್ದೆವು. ಆವತ್ತೇ ನನಗೆ ಅನುಮಾನ ಬರಬೇಕಿತ್ತು.

ಮರುದಿನದಿಂದ ಎರಡು ರಸ್ಕಿನ ಜಾಗದಲ್ಲಿ ದೊಡ್ಡ ಬಟ್ಟಲು ಮೊಸರು, ಅದರೊಳಗೆ ಮೊಳಕೆಕಾಳು, ಅದರ ಮೇಲೆ ಮಾತ್ರೆ. ಮಾತ್ರೆಯ ಜೊತೆಗೇ ಎಂದು ನಾನು ಹೇಳಿದ್ದೆನೋ, ದಿನಾ ಬೆಳಿಗ್ಗೆ ಎಂದಷ್ಟೇ ಹೇಳಿದ್ದೆನೋ? ಉಷ್ಣದ ಮಾತ್ರೆ, ತಂಪಿನ ಮೊಸರು ಜೋಡಿಯಾಗಿ ಹೋಗಲಿ ಎಂದು ಅತ್ತಿಗೆಯೇ ಹೊಂದಿಸಿದರೋ?

ಹತ್ತು ಹನ್ನೆರಡು ದಿನದಲ್ಲಿ ಅಣ್ಣ ಗೇಟಿನ ಮುಂದೆ ನಿಲ್ಲತೊಡಗಿದ. ಮೊದಲು ಒಂದು ನಿಮಿಷ, ಆಮೇಲೆ ಐದು. ಹಿಂದೆ ಬಂದವರು ಪಕ್ಕಕ್ಕೆ ಸರಿದು ಕಾಯುವರು, ಅದು ಅವನಿಗೆ ಇನ್ನೂ ಕಷ್ಟ. ಒಂದು ದಿನ ನಾನೂ ಜೊತೆಗಿದ್ದೆ. ಇದು ಖಚಿತ, ಏಕೆಂದರೆ ಇದನ್ನು ಮರೆಯಲು ಪ್ರಯತ್ನಿಸಿ ಸೋತಿದ್ದೇನೆ. ಅಣ್ಣ ಕಂಬದ ಮುಂದೆ ನಿಂತವನು ಕದಲಲೇ ಇಲ್ಲ. ಮಂಡಿ ಸಣ್ಣಗೆ ನಡುಗುತ್ತಿತ್ತು, ಪಾದ ಏಳುತ್ತಿರಲಿಲ್ಲ. ಒಳಗೆ ಹರಟೆ ಮುಗಿದು ಗುಂಪೇ ಎದ್ದು ಹೊರಗೆ ಬಂತು. ಅವರಲ್ಲೊಬ್ಬರು ಬಸ್ ಕಂಡಕ್ಟರಾಗಿದ್ದವರು.

“ಏನ್ ಸಾರ್, ಟೀಗೆ ಬನ್ನಿ ಅಂದ್ರೆ ಗೇಟಿಗೆ ವಾಚ್‌ಮನ್ ಆಗ್ಬಿಟ್ರಾ?”

ಎಲ್ಲರೂ ನಕ್ಕರು, ಕೆಟ್ಟ ನಗುವಲ್ಲ. ಅಣ್ಣನೂ ನಕ್ಕ. ಕಂಡಕ್ಟರು ಅವನ ಹೆಗಲು ತಟ್ಟಿ ಫ್ಲಾಸ್ಕಿನ ಮುಚ್ಚಳದಲ್ಲಿ ಉಳಿದ ಟೀ ಕೊಟ್ಟರು. ಮನೆಗೆ ಬಂದ ಮೇಲೆ ಅಣ್ಣ, ಇನ್ನೊಂದು ವಾರ ನೋಡುತ್ತೇನೆ, ಆಗದಿದ್ದರೆ ಪಾರ್ಕು ಬಿಟ್ಟುಬಿಡುತ್ತೇನೆ ಎಂದ. ಗೇಟು ಅಂಥ ಇಕ್ಕಟ್ಟೇನಲ್ಲವಲ್ಲ ಎಂದೆ ನಾನು. ಅದಕ್ಕೆ ಅವನು ಹೇಳಿದ್ದು ಇಷ್ಟು:

“ಎರಡು ಕಂಬದ ಮಧ್ಯೆ ಇಪ್ಪತ್ತೆರಡು ಇಂಚಿದೆ ಕಣೋ. ನನ್ನ ಭುಜ ಹದಿನೇಳೂವರೆ. ನಾಲ್ಕೂವರೆ ಇಂಚು ಪ್ಲೇ ಇದೆ. ತಲೆಗೆ ಗೊತ್ತು. ಕಾಲಿಗೆ ಯಾರು ಹೇಳ್ತಾರೆ?”

ಲೇತ್ ಕೆಲಸದವರು ಎರಡು ಭಾಗಗಳ ನಡುವೆ ಅಲುಗಾಡಲು ಬಿಡುವ ಜಾಗಕ್ಕೆ ಪ್ಲೇ ಎನ್ನುತ್ತಾರೆ. ನಾನು ಆ ಮಾತಿನ ಮುಂದೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಮೂರು ಅಡಿಗೆ ಕಡಿಮೆಯಿಲ್ಲಣ್ಣ, ಈ ಕಾಯಿಲೆಯಲ್ಲಿ ಜಾಗದ ಅಂದಾಜು ತಪ್ಪುತ್ತದೆ, ಓದಿದ್ದೇನೆ ಎಂದೆ. ಅವನು ನನ್ನನ್ನು ನೋಡಿ, ಬಲಗೈಯನ್ನು ಎಡಗೈ ಕೆಳಗೆ ಸೇರಿಸಿಕೊಂಡು, ಟಿವಿ ಕಡೆ ತಿರುಗಿದ.

ಕೆಂಗೇರಿಗೆ ಹೋಗಿ ನಾನು ಒಂದು ನೋಟ್‌ಬುಕ್ ತೆಗೆದೆ. ಅಣ್ಣನ ನಿದ್ದೆ, ಹವೆ, ನಡೆದ ಹೊತ್ತು, ಹೊಟ್ಟೆ ಸಲೀಸಾದ ದಿನ, ಮಾತ್ರೆಯ ಪಟ್ಟಿ ಹೊಸದೋ ಹಳೆಯದೋ, ಎಲ್ಲಕ್ಕೂ ಒಂದೊಂದು ಕಾಲಂ. ಕೆಟ್ಟ ಜೀವಿಗಳು ಸುಲಭಕ್ಕೆ ಜಾಗ ಬಿಡುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದು ಮೊಸರಿನ ಬಟ್ಟಲನ್ನು ಇನ್ನೂ ದೊಡ್ಡದು ಮಾಡಿಸಿದೆ. ಹನ್ನೊಂದು ಕಾಲಂಗಳಲ್ಲಿ ಮೊಸರಿಗೆ ಕಾಲಂ ಇರಲಿಲ್ಲ. ಮೊಸರು ಔಷಧಿ, ಅದನ್ನೇಕೆ ಅನುಮಾನಿಸಬೇಕು? ಆಧಾರ ಏನು ಎಂದು ಊರಿಗೆಲ್ಲ ಕೇಳುವವನು ನನ್ನ ಡಬ್ಬಿಯನ್ನು ಮಾತ್ರ ಕೇಳಲಿಲ್ಲ.

ಅಷ್ಟರಲ್ಲಿ ನನ್ನ ಹೆಪ್ಪು ಕೆಟ್ಟಿತು. ಒಂದು ಸಂಜೆ ಡಬ್ಬಿ ತೆಗೆದರೆ ನೂಲು ನೂಲಾಗಿ ಎಳೆಯುತ್ತಿತ್ತು. ಎಸೆದು, ಎರಡು ದಿನ ಬರಲಾಗುವುದಿಲ್ಲ ಎಂದು ಅತ್ತಿಗೆಗೆ ಫೋನು ಮಾಡಿದೆ. ನಾನು ತರುವ ಮೊಸರೇ ಆಗಬೇಕೆಂದು ಹಟ ಮಾಡಿದ್ದರಿಂದ ಅವರು ಅಂಗಡಿಯ ಮೊಸರನ್ನು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ರಸ್ಕೂ ಮುಗಿದಿತ್ತು. ಮರುದಿನ ಅಣ್ಣ ಬರೀ ನೀರಿನಲ್ಲಿ ಮಾತ್ರೆ ನುಂಗಿದ, ಮನೆಯ ಕಾನೂನು ಮೊದಲ ಸಲ ಮುರಿಯಿತು. ಏಳಕ್ಕೆ ಗೇಟಿಗೆ ಬಂದವನು ನಿಲ್ಲಲೇ ಇಲ್ಲವಂತೆ.

ಮುಂದೆ ನಡೆದದ್ದನ್ನು ನನಗೆ ಹತ್ತು ದಿನ ಹೇಳಲಿಲ್ಲ. ಹೊಸ ಹೆಪ್ಪಿನ ಮೊಸರು ಬಂದ ಮೇಲೂ ಅಣ್ಣ ಅದನ್ನು ಒಂದು ದಿನ ಮಾತ್ರೆಯ ಜೊತೆ ತಿಂದ, ಒಂದು ದಿನ ಮಧ್ಯಾಹ್ನಕ್ಕೆ ಎತ್ತಿಟ್ಟ. ಬೇರೆ ಏನನ್ನೂ ಬದಲಿಸಲಿಲ್ಲ. ಅದೇ ಹೊತ್ತು, ಅದೇ ಚಪ್ಪಲಿ, ಅದೇ ರಸ್ತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಾಟಿದ ದಿನಕ್ಕೆ ಒಂದು ಚುಕ್ಕೆ ಇಟ್ಟ. ನಾನು ಬಂದಾಗ ಆ ಕ್ಯಾಲೆಂಡರನ್ನು ಮುಂದಿಟ್ಟ. ಒಂದು ಬಿಟ್ಟು ಒಂದು ಮನೆಯಲ್ಲಿ ಚುಕ್ಕೆ, ನಡುಗುವ ಕೈಯ ದಪ್ಪ ಚುಕ್ಕೆ.

“ಒಂದ್ಸಲಕ್ಕೆ ಒಂದೇ ಸ್ಕ್ರೂ ತಿರುಗಿಸ್ಬೇಕು ಕಣೋ. ಮಷೀನ್ ಕೆಟ್ಟಾಗ ಎಲ್ಲಾ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೆ ಗೊತ್ತಾಗತ್ತೆ?”

ನನಗೆ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನೀನು ಇನ್ನೂ ನಾಲ್ಕು ಕಾಳು ಸೇರಿಸುತ್ತಿದ್ದೆ ಎಂದ. ಅತ್ತಿಗೆ ಒಳಗಿನಿಂದ ಇನ್ನೊಂದು ಕಾರಣ ಹೇಳಿದರು. ಮೊಸರು ಬೇಡವೆಂದರೆ ನೀನು ಬರುವುದೂ ನಿಂತುಹೋಗುತ್ತದೆ ಎಂದು ಇವರಿಗೆ ಯೋಚನೆ, ಅಂದರು. ನಾನು ಕ್ಯಾಲೆಂಡರಿನ ಪುಟಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದೆ.

ತಪಾಸಣೆಗೆ ಹೋದಾಗ ಡಾಕ್ಟರಿಗೆ ಇದನ್ನು ಹೇಳಿದೆವು. ಅವರು ಆಶ್ಚರ್ಯವನ್ನೇನೂ ಪಡದೆ ವಿವರಿಸಿದರು. ಪ್ರೋಟೀನು ಜೀರ್ಣವಾಗಿ ಸಿಗುವ ಕೆಲವು ತುಣುಕುಗಳೂ ಈ ಮಾತ್ರೆಯೂ ಸಣ್ಣ ಕರುಳಿನ ಗೋಡೆಯನ್ನು ದಾಟುವುದು ಒಂದೇ ಬಾಗಿಲಿನಲ್ಲಿ. ಮೊದಲು ತುಣುಕುಗಳು ನುಗ್ಗಿದರೆ ಮಾತ್ರೆ ಹೊರಗೆ ಕಾಯುತ್ತದೆ. ಮಿದುಳಿನ ಬಾಗಿಲಲ್ಲೂ ಅದೇ ನೂಕುನುಗ್ಗಲು. ಈ ಕಾಯಿಲೆಯಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಕಾಯುವುದು ಇನ್ನೂ ಹೆಚ್ಚು. ನಿಮಗೆ ವಾಕರಿಕೆ ಬರುವುದಿಲ್ಲವಾದ್ದರಿಂದ ಮಾತ್ರೆಯನ್ನು ಊಟ ತಿಂಡಿಗೆ ಅರ್ಧ ಗಂಟೆ ಮೊದಲು ನೀರಿನಲ್ಲಿ ತೆಗೆದುಕೊಳ್ಳಿ, ಮೊಸರು ಬೇಕಾದರೆ ಆಮೇಲೆ ತಿನ್ನಿ ಎಂದರು. ಕರುಳಿನ ಬ್ಯಾಕ್ಟೀರಿಯಾ ಎಂದು ನಾನು ಬಾಯಿ ತೆರೆದೆ. ಅದೂ ಇರಬಹುದು, ನಿಮ್ಮ ಅಣ್ಣನ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಯಾರೂ ಅಳೆದಿಲ್ಲವಲ್ಲ ಎಂದರು. ಅಣ್ಣ ನನ್ನ ಕಡೆ ನೋಡದೆ ಗೋಡೆ ನೋಡಿದ. ನಗುತ್ತಿದ್ದ ಎಂದು ನನ್ನ ಊಹೆ.

ಇದನ್ನೆಲ್ಲ ನಾನು ಪರೀಕ್ಷೆಗೆ ಓದಿ ಬರೆದವನು. ಉಪ್ಪಿನಕಾಯಿ ಕಾರ್ಖಾನೆಗೆ ಸೇರುವ ಮೊದಲೇ ಮೊಸರಿನಲ್ಲಿ ಪ್ರೋಟೀನಿದೆ ಎಂದು ನನಗೆ ಗೊತ್ತಿತ್ತು. ಆದರೆ ಮೊಸರು ನನ್ನ ಪಾಲಿಗೆ ಬ್ಯಾಕ್ಟೀರಿಯಾಗಳು ಕೂತು ಬರುವ ಬಸ್ಸು. ಒಳಗಿರುವ ಪ್ರಯಾಣಿಕರನ್ನು ಎಣಿಸುತ್ತಿದ್ದೆ, ಬಸ್ಸನ್ನೇ ನೋಡಿರಲಿಲ್ಲ. ಒಂದು ಸಮಾಧಾನವೆಂದರೆ ಈಗ ಮಧ್ಯಾಹ್ನದ ಮೊಸರು, ಕಾಳಿನಿಂದ ಅಣ್ಣನ ಹೊಟ್ಟೆ ಮೊದಲಿಗಿಂತ ಹಗುರಾಗಿದೆ. ಅದರ ಶ್ರೇಯಸ್ಸು ನನಗೆ ಬರಬೇಕು ಎಂದು ಒಮ್ಮೆ ಸೂಚಿಸಿದೆ. ಅತ್ತಿಗೆ ಅದನ್ನು ತಂಪಿಗೆ ಕೊಟ್ಟರು. ಪಾರ್ಕಿನ ಕಂಡಕ್ಟರು ತಾವು ಹೇಳಿಕೊಟ್ಟ ನೆನೆಸಿದ ಒಣದ್ರಾಕ್ಷಿಗೆ ಕೊಟ್ಟಿದ್ದಾರಂತೆ. ಒಂದು ಸಲಕ್ಕೆ ಒಂದೇ ಸ್ಕ್ರೂ ತಿರುಗಿಸದೆ ಹೋದದ್ದರಿಂದ ಇದು ಎಂದಿಗೂ ಗೊತ್ತಾಗುವುದಿಲ್ಲ.

ಮಾತ್ರೆಯ ಜೊತೆಗೆ ಎಂದವರು ಯಾರು ಎಂಬುದನ್ನಾದರೂ ಇತ್ಯರ್ಥ ಮಾಡೋಣವೆಂದು ಒಂದು ದಿನ ಅತ್ತಿಗೆಯನ್ನು ಕೇಳಿದೆ. ನಾನು ಅದನ್ನು ವಾಟ್ಸ್ಯಾಪಿನಲ್ಲಿ ದನಿ ಸಂದೇಶವಾಗಿ ಕಳಿಸಿದ್ದೆನಂತೆ, ದೊಡ್ಡ ಪಾಠದ ಹಾಗೆ. ಅವರ ಹಳೆಯ ಫೋನು ಕೆಟ್ಟುಹೋಗಿದೆ. ನನ್ನ ಫೋನಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಿದ್ದೇನೆ. ಹಾಗಾದರೆ ಸಾಕ್ಷಿ ಇಲ್ಲವಲ್ಲ ಎಂದೆ.

“ನನಗೆ ಸಾಕ್ಷಿ ಯಾಕೆ? ನಾನೇ ಇದ್ನಲ್ಲ,” ಎಂದರು ಅತ್ತಿಗೆ, ಕೊತ್ತಂಬರಿ ಬಿಡಿಸುತ್ತಾ.

ಆ ಮಾತಿಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಸಿಗುವವರೆಗೆ ಹೇಳಿದ್ದು ನಾನೇ ಎಂದು ಇಟ್ಟುಕೊಂಡಿದ್ದೇನೆ.

ಉಳಿದದ್ದು ಗೇಟು. ಅಣ್ಣ ಈಗ ಹೆಚ್ಚಿನ ದಿನ ದಾಟುತ್ತಾನೆ, ಕೆಲವು ದಿನ ಇಲ್ಲ. ಕಾಯಿಲೆ ಎಲ್ಲಿಗೂ ಹೋಗಿಲ್ಲ. ದಾಟದ ದಿನ ಕಂಡಕ್ಟರು ಫ್ಲಾಸ್ಕು ಹಿಡಿದು ಹೊರಗೇ ಬರುತ್ತಾರೆ. ನಾನು ಈಗಲೂ ದಿನ ಬಿಟ್ಟು ದಿನ ಹೋಗುತ್ತೇನೆ, ಡಬ್ಬಿ ಇಲ್ಲದೆ. ಆದರೆ ಆ ಮೊದಲ ದಿನ, ಬರೀ ನೀರಿನಲ್ಲಿ ಮಾತ್ರೆ ನುಂಗಿದ ದಿನ, ನಾನು ಅವನ ಕೈ ಹಿಡಿದು ಭುಜಕ್ಕೆ ಭುಜ ತಾಗಿಸಿ ಒಟ್ಟಿಗೆ ದಾಟಿದ ಚಿತ್ರ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಹೆಪ್ಪು ಕೆಟ್ಟು ನಾನು ಎರಡು ದಿನ ಬರಲಿಲ್ಲವೆಂದು ಮೇಲೆ ನಾನೇ ಬರೆದಿದ್ದೇನೆ. ಆದರೂ ಚಿತ್ರ ಅಲ್ಲಾಡುವುದಿಲ್ಲ, ಚಪ್ಪಾಳೆ ಸಮೇತ ನಿಂತಿದೆ. ಬಹುಶಃ ಬೇರೆ ದಿನದ್ದಿರಬಹುದು, ಎಳನೀರಿನ ಗಾಡಿಯ ದಿನದ್ದಿರಬಹುದು ಎಂದು ಅದಕ್ಕೊಂದು ವಿನಾಯಿತಿಯನ್ನೂ ಕೊಟ್ಟುಕೊಂಡಿದ್ದೆ.

ಕಳೆದ ತಿಂಗಳು ಅತ್ತಿಗೆಯ ಹೊಲಿಗೆ ಡಬ್ಬಿಯಿಂದ ಟೇಪು ಕೇಳಿ ಪಡೆದೆ. ಮೊದಲು ಅವರ ಕೈಯಲ್ಲೇ ನನ್ನ ಭುಜ ಅಳೆಸಿಕೊಂಡೆ, ಹದಿನೆಂಟು ಇಂಚು. ಅಣ್ಣನದ್ದೂ ಸೇರಿಸಿದರೆ ಮೂವತ್ತೈದೂವರೆ. ಅಣ್ಣ ಮಲಗಿದ್ದಾಗ, ಮಧ್ಯಾಹ್ನ, ಪಾರ್ಕಿಗೆ ಹೋದೆ. ಏನ್ ಸಾರ್, ಹೊಸಾ ಗೇಟ್ ಹಾಕಿಸ್ತೀರಾ ಎಂದು ವಾಚ್‌ಮನ್ ಕೇಳಿದರು. ಕಂಬಗಳ ನಡುವೆ ಬಗ್ಗಿ ಕೆಳಗೆ ಒಂದು ಸಲ, ನಡುವೆ ಒಂದು ಸಲ, ಮೇಲೆ ಒಂದು ಸಲ ಅಳೆದೆ. ಮೂರು ಸಲವೂ ಇಪ್ಪತ್ತೆರಡು ಇಂಚು.